ಮೆಣಸು ಅಂದರೆ ಯಾವ ಮೆಣಸು?

ಕ್ರಿಸ್ಮಸ್ ಪರೀಕ್ಷೆಯ ಸಮಾಜ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆವು. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದದ್ದು ಯಾತಕ್ಕೆ ಎಂಬ ಪ್ರಶ್ನೆಗೆ ಒಬ್ಬಳು ಹುಡುಗಿ "ಮೆಣಸಿನಕಾಯಿ ಕೊಂಡುಹೋಗಲು" ಎಂದು ಬರೆದಿದ್ದಳು. ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸೊನ್ನೆ ಕೊಟ್ಟೆವು. ಪತ್ರಿಕೆ ಹಂಚಿದ ದಿನ ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಸರ್, ಪಾಠದಲ್ಲಿ ಮೆಣಸು ಅಂತ ಉಂಟಲ್ಲ? ನಾನು ಅದನ್ನೇ ಬರ್ದದ್ದು."

"ಅದು ಕರಿಮೆಣಸು ಮಗಾ. ನೀನು ಬರೆದದ್ದು ಮೆಣಸಿನಕಾಯಿ."

"ಕರಿಮೆಣಸು ಅಂದ್ರೆ ಅದೇ ಅಲ್ವಾ ಸರ್, ಒಣಗಿ ಕಪ್ಪಾದ್ದು?"

ನಮಗೆ ಮೊದಲು ನಗು ಬಂತು. ಆಮೇಲೆ ನಗು ಹೋಯಿತು. ಕಾಸರಗೋಡಿನ ಮಣ್ಣಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಕರಿಮೆಣಸಿನ ಬಳ್ಳಿ ಗೊತ್ತಿಲ್ಲವೇ ಎಂದು ಆಶ್ಚರ್ಯ. ಕೇಳಿದೆವು. ಅವಳ ಮನೆ ಹತ್ತು ಸೆಂಟ್ಸ್ ಜಾಗದಲ್ಲಿ ಉಂಟು. ಬಾವಿ, ಒಂದು ತೆಂಗು, ಎರಡು ಬಾಳೆ, ಬಚ್ಚಲಿನ ಹಿಂದೆ ನಾಲ್ಕು ಮೆಣಸಿನ ಗಿಡ. ಕರಿಮೆಣಸು ಅವಳು ಕಂಡದ್ದು ಅಂಗಡಿಯ ಸಣ್ಣ ಪೊಟ್ಟಣದಲ್ಲಿ ಮಾತ್ರ. ಅವಳ ತಪ್ಪಿಗೆ ಅವಳ ಅಂಗಳವೇ ಕಾರಣ ಎಂದು ಆಗ ಹೊಳೆಯಿತು. ಅಲ್ಲಿಂದ ಶುರುವಾದ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮರುದಿನ ತರಗತಿಯಲ್ಲಿ ಕರಿಹಲಗೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ಕರಿಮೆಣಸಿಗೂ ಇನ್ನೊಂದು ಕಡೆ ಮೆಣಸಿನಕಾಯಿಗೂ ಅವರವರ ಮನೆಯಲ್ಲಿ ಏನು ಹೇಳುತ್ತಾರೆ ಎಂದು ಬರೆಯಲು ಹೇಳಿದೆವು. ನಮ್ಮ ಕನ್ನಡ ಮಾಧ್ಯಮ ಶಾಲೆ ಎಂದರೆ ಎಲ್ಲರ ಮನೆಮಾತೂ ಕನ್ನಡ ಎಂದು ಅರ್ಥವಲ್ಲ, ಓದುಗರಿಗೆ ಗೊತ್ತೇ ಉಂಟು. ತುಳು ಮನೆಯವರು ಕರಿಮೆಣಸಿಗೆ 'ಎಡ್ಡೆ ಮುಂಚಿ', ಮೆಣಸಿನಕಾಯಿಗೆ ಬರೇ 'ಮುಂಚಿ' ಎಂದರು. ಹವ್ಯಕರ ಹುಡುಗ 'ಗೆಣಮೆಣಸು' ಎಂದು ಬರೆದ. ಕೊಂಕಣಿಯವರು 'ಮಿರ್ಯಾಕಣು', 'ಮಿರ್ಸಾಂಗ' ಎಂದರು. ಮಲಯಾಳ ಮಾತಾಡುವ ಮಕ್ಕಳು 'ಕುರುಮುಳಕ್', 'ಮುಳಕ್' ಎಂದು ಬರೆದರು. ಅಜ್ಜಿ 'ನಲ್ಲಮುಳಕ್' ಎನ್ನುತ್ತಾರೆ ಎಂದು ಒಬ್ಬ ಸೇರಿಸಿದ. ನಮ್ಮ ಕರಾವಳಿ ಕನ್ನಡದ 'ಒಳ್ಳೆಮೆಣಸು' ಕೊನೆಗೆ ಬಂತು.

ಎಡ್ಡೆ, ನಲ್ಲ, ಒಳ್ಳೆ. ಮೂರು ಭಾಷೆಯಲ್ಲಿಯೂ ಅರ್ಥ ಒಂದೇ. ಒಂದು ವಸ್ತುವಿಗೆ ಸುಮ್ಮನೆ ಯಾರೂ 'ಒಳ್ಳೆಯದು' ಎಂಬ ಪಟ್ಟ ಕಟ್ಟುವುದಿಲ್ಲ. ಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು ಬಂದು ನಿಂತಾಗ ಮಾತ್ರ ಹಳೆಯದನ್ನು ಗುರುತಿಸಲು ಒಂದು ಬಾಲವೋ ಕೊಂಬೋ ಬೇಕಾಗುತ್ತದೆ. ಹಳೆಗನ್ನಡದಲ್ಲಿ ಮೆಣಸು ಅಥವಾ ಮೆಳಸು ಎಂದರೆ ಕರಿಮೆಣಸು ಒಂದೇ. ತಮಿಳಿನಲ್ಲಿ ಇಂದಿಗೂ 'ಮಿಳಗು' ಎಂದರೆ ಅದುವೇ, ಹೊಸದಾಗಿ ಬಂದದ್ದು 'ಮಿಳಗಾಯ್', ಅಂದರೆ ಮೆಣಸಿನಂಥ ಕಾಯಿ. ತೆಲುಗಿನ ಮಿರಿಯಾಲು, ಮಿರಪಕಾಯ ಕೂಡ ಹಾಗೆಯೇ. ನಾವೂ ಮೊದಲು ಮರ್ಯಾದೆಯಿಂದ 'ಮೆಣಸಿನ ಕಾಯಿ' ಎಂದೇ ಕರೆದಿರಬೇಕು. ಬರಬರುತ್ತಾ ಕಾಯಿ ಉದುರಿ ಹೋಗಿ, ನಮ್ಮ ಕಡೆ ಅಡುಗೆಮನೆಯಲ್ಲಿ "ಎರಡು ಮೆಣಸು ಹಾಕು" ಎಂದರೆ ಕೆಂಪು ಮೆಣಸೇ ಆಯಿತು. ಮನೆಯ ಯಜಮಾನನ ಹೆಸರನ್ನು ಬಿಡಾರಕ್ಕೆ ಬಂದವನು ಇಟ್ಟುಕೊಂಡು, ಯಜಮಾನನೇ 'ಹಳೆಯ ಇಂಥವರು' ಎಂದು ಹೇಳಿಕೊಳ್ಳಬೇಕಾದ ಹಾಗೆ!

ಮಲಯಾಳದಲ್ಲಿ ಮೆಣಸಿನಕಾಯಿಗೆ 'ಪರಂಗಿಮುಳಕ್' ಎಂಬ ಹಳೆಯ ಮಾತುಂಟು. ಕೆಲವು ಕಡೆ 'ಕಪ್ಪಲ್ ಮುಳಕ್', ಅಂದರೆ ಹಡಗಿನ ಮೆಣಸು. ಯಾರು ತಂದರು, ಹೇಗೆ ತಂದರು ಎಂಬುದಕ್ಕೆ ಈ ಎರಡು ಶಬ್ದಗಳೇ ಸಾಕ್ಷಿ ಹೇಳುತ್ತವೆ.

ಇವೆರಡಕ್ಕೂ ಸಂಬಂಧ ಖಾರದ್ದು ಮಾತ್ರ, ರಕ್ತಸಂಬಂಧ ಇಲ್ಲವೇ ಇಲ್ಲ. ಕರಿಮೆಣಸು ವೀಳ್ಯದೆಲೆ, ಹಿಪ್ಪಲಿಗಳ ಕುಟುಂಬದ್ದು. ಎಲೆಯನ್ನು ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಮೆಣಸಿನಕಾಯಿ ಬದನೆ, ಟೊಮೆಟೊ, ಬಟಾಟೆ, ಹೊಗೆಸೊಪ್ಪುಗಳ ಬಳಗ. ಬೆಳೆಸುವ ಕ್ರಮದಲ್ಲಂತೂ ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಕರಿಮೆಣಸು ಪಶ್ಚಿಮ ಘಟ್ಟದ ಕಾಡಿನ ಮಗು. ಕಾಡಿನಲ್ಲಿ ಮರದ ನೆರಳಲ್ಲಿ, ತರಗೆಲೆಯ ಮೇಲೆ ಹರಿದು, ಬೊಡ್ಡೆ ಸಿಕ್ಕಿದರೆ ಹತ್ತಿ ಬೆಳೆದ ಬಳ್ಳಿ. ಹಾಗಾಗಿ ತೋಟಕ್ಕೆ ತಂದಾಗಲೂ ಅದಕ್ಕೆ ಹಿಡಿದುಕೊಳ್ಳಲು ಒಂದು ಮರ ಬೇಕು: ಅಡಿಕೆ, ಹಲಸು, ಮಾವು, ಹಾಲುವಾಣ, ಏನಾದರೂ ಸರಿ. ನೆರಳು ಬೇಕು, ಕತ್ತಲೆ ಬೇಡ. ನೀರು ಬೇಕು, ಬುಡದಲ್ಲಿ ನಿಲ್ಲಬಾರದು. ಮಧ್ಯಾಹ್ನದ ನಂತರದ ಬಿಸಿಲು ಎಳೆ ಬಳ್ಳಿಯನ್ನು ಸುಡುತ್ತದೆಂದು ಮರದ ಬಡಗು ಬದಿಯಲ್ಲಿ ನೆಡುವುದು ವಾಡಿಕೆ. ತೆಂಕು, ಪಡುವಣಕ್ಕೆ ಮುಖ ಮಾಡಿದ ಗುಡ್ಡದ ಇಳಿಜಾರು ಇದಕ್ಕೆ ಹಿತವಲ್ಲ. ಬುಡದಿಂದ ನೆಲದ ಮೇಲೆ ಹರಿಯುವ ಹಂಬುಗಳು ಮಣ್ಣಿಗೆ ತಾಗಿ ಬೇರು ಬಿಡದಂತೆ ಒಂದು ಕೋಲಿಗೆ ಸುತ್ತಿಟ್ಟು, ಫೆಬ್ರವರಿ ಮಾರ್ಚ್ ಹೊತ್ತಿಗೆ ಎರಡು ಮೂರು ಗಣ್ಣಿನ ತುಂಡು ಮಾಡಿ ನೆರಳಲ್ಲಿ ಬೇರು ಬರಿಸಿ, ಮಳೆ ಹಿಡಿದ ಮೇಲೆ ಮರದ ಬುಡಕ್ಕೆ ಕೊಡುತ್ತಾರೆ. ಆಮೇಲೆ ಕಾಯುವುದು. ಮೂರನೆಯ ವರ್ಷಕ್ಕೆ ನಾಲ್ಕು ತೆನೆ ಕಾಣಿಸುತ್ತದೆ. ಏಳೆಂಟು ವರ್ಷವಾಗದೆ ತುಂಬು ಫಸಲು ಇಲ್ಲ.

ಅದರ ಹೂವಿನ ವ್ಯವಹಾರ ಇನ್ನೂ ಸೋಜಿಗದ್ದು. ಮೇ ಜೂನ್ ತಿಂಗಳಲ್ಲಿ ಹೊಸ ಚಿಗುರಿನ ಜೊತೆ ತೆನೆ ಇಳಿಬೀಳುತ್ತದೆ. ತೆನೆಯ ಮೇಲಿನ ಹೂಗಳ ಪರಾಗವನ್ನು ಕೆಳಗಿನ ಹೂಗಳಿಗೆ ಇಳಿಸುವ ಕೆಲಸದಲ್ಲಿ ಮಳೆಹನಿಯ ಪಾಲು ದೊಡ್ಡದು. ಮಳೆ ಹದವಾಗಿ ಜಿನುಗಿದರೆ ಕಾಳು ಒತ್ತಾಗಿ ಕೂಡುತ್ತದೆ. ನಡುವೆ ಮಳೆ ಕೈಕೊಟ್ಟರೆ ತೆನೆಯಲ್ಲಿ ಹಲ್ಲು ಉದುರಿದ ಹಾಗೆ ಅಲ್ಲಲ್ಲಿ ಖಾಲಿ. ಮಲಬಾರಿನಲ್ಲಿ ಒಂದು ಕಥೆ ಹೇಳುತ್ತಾರೆ. ಪೋರ್ಚುಗೀಸರು ಮೆಣಸಿನ ಬಳ್ಳಿಯನ್ನೇ ಕೊಂಡೊಯ್ಯುತ್ತಾರಂತೆ ಎಂದು ಜನ ಹೆದರಿ ಸಾಮೂದಿರಿಯ ಹತ್ತಿರ ದೂರಿದಾಗ, ಬಳ್ಳಿ ಕೊಂಡುಹೋದರೇನಂತೆ, ತಿರುವಾತಿರ ಮಳೆಯನ್ನು ಕೊಂಡುಹೋಗಲಿಕ್ಕೆ ಆಗುತ್ತದೆಯೇ ಎಂದು ಅವನ ಕಡೆಯಿಂದ ಉತ್ತರ ಬಂತಂತೆ. ತಿರುವಾತಿರ ಎಂದರೆ ನಮ್ಮ ಆರಿದ್ರಾ. ಇದು ಕಥೆ, ಇತಿಹಾಸವಲ್ಲ. ಆದರೆ ಕಥೆ ಕಟ್ಟಿದವನು ಮೆಣಸು ಬೆಳೆಸಿ ಗೊತ್ತಿದ್ದವನು ಎನ್ನುವುದರಲ್ಲಿ ಸಂಶಯ ಬೇಡ.

ಮೆಣಸಿನಕಾಯಿಯ ಜಾತಕ ಇದಕ್ಕೆ ಪೂರ್ತಿ ತಿರುಗುಮುರುಗು. ಅದಕ್ಕೆ ಬೇಕಾದದ್ದು ಬಿಸಿಲು. ಒಂದು ಹಣ್ಣು ಮೆಣಸು ಒಡೆದರೆ ಹತ್ತಾರು ಬೀಜ. ಬೂದಿಯಲ್ಲಿ ಹೊರಳಿಸಿ ಚೆಲ್ಲಿದರೆ ವಾರ ಹತ್ತು ದಿನದಲ್ಲಿ ಮೊಳಕೆ. ಒಂದೂವರೆ ತಿಂಗಳಾಗುವಾಗ ಕಿತ್ತು ನೆಡಬಹುದು. ನೆಟ್ಟು ಎರಡು ತಿಂಗಳು ದಾಟುವಾಗ ಸಾರಿಗೆ ಕಾಯಿ ಸಿಗುತ್ತದೆ. ಮರ ಬೇಡ, ತೋಟ ಬೇಡ, ಒಡೆದ ಕೊಡಪಾನ ಆದರೂ ಆದೀತು. ಸೂಜಿಮೆಣಸು, ಗಾಂಧಾರಿಮೆಣಸು ಎನ್ನುವ ಸಣ್ಣ ಜಾತಿಗೆ ನೆಡುವವನೂ ಬೇಡ. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ. ಹಣ್ಣು ತಿಂದು ಹಾರಿ, ಎಲ್ಲೋ ಬೇಲಿಯ ಮೇಲೆ ಕುಳಿತು ಹಿಕ್ಕೆ ಹಾಕಿದರೆ ಅಲ್ಲಿ ಗಿಡ ಎದ್ದಿತು.

ಆದರೆ ಮೆಣಸಿನಕಾಯಿ ಸೋಲುವ ಜಾಗ ಒಂದುಂಟು, ಅದು ನಮ್ಮೂರಿನ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿನಲ್ಲಿ ಜೂನ್ ಜುಲಾಯಿಯ ಮೆಣಸಿನ ಗಿಡ ಬೇರು ಕೊಳೆತು ಮಲಗುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಬಾಡುರೋಗವೂ ಜಾಸ್ತಿ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಸಂಜೆಗೆ ತಲೆ ಬಾಗಿಸಿರುತ್ತದೆ. ಇದನ್ನು ತಡೆಯುವ 'ಉಜ್ವಲ' ಎಂಬ ತಳಿಯನ್ನು ಕೇರಳ ಕೃಷಿ ವಿಶ್ವವಿದ್ಯಾನಿಲಯದವರು ಕೊಟ್ಟಿದ್ದಾರೆ. ಹಿಂದೆ ನಮ್ಮ ಹಿರಿಯರು ಏಣಿಲು ಬೆಳೆ ಕೊಯ್ದಾದ ಮೇಲೆ ಗದ್ದೆಯಲ್ಲಿ ಸಾಲು ಎಬ್ಬಿಸಿ, ಬೂದಿ, ಹಟ್ಟಿಗೊಬ್ಬರ ಹಾಕಿ, ಚಳಿಗಾಲದಲ್ಲಿ ಮೆಣಸು ಮಾಡುತ್ತಿದ್ದರು. ಗದ್ದೆಗಳೇ ತೋಟವಾದ ಮೇಲೆ ಅದೂ ಕಡಿಮೆಯಾಯಿತು. ಈಗ ನಮ್ಮ ಒಣಮೆಣಸು ಬರುವುದು ಘಟ್ಟದ ಮೇಲಿನಿಂದ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸು, ಹಾವೇರಿ ಸೀಮೆಯ ಕಪ್ಪು ಮಣ್ಣಿನದು, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು. ರಾಜ್ಯದ ಗಡಿ ಬದಲಾಯಿತು, ನಮ್ಮ ಕೊದ್ದೆಲಿನ ಬಣ್ಣ ಬದಲಾಗಲಿಲ್ಲ.

ಒಂದಕ್ಕೆ ಊರು, ಮಳೆ, ಮರ, ಜಾಗ ಮತ್ತು ಏಳು ವರ್ಷದ ತಾಳ್ಮೆ ಬೇಕು. ಇನ್ನೊಂದಕ್ಕೆ ಬಿಸಿಲು ಮತ್ತು ಮೂರ್ನಾಲ್ಕು ತಿಂಗಳು ಸಾಕು. ಇವುಗಳ ಚರಿತ್ರೆ ಬೇರೆಬೇರೆಯಾದದ್ದು ಈ ಕಾರಣದಿಂದಲೇ ಎಂದು ನಮಗೆ ತೋರುತ್ತದೆ.

ಬೇರೆ ಎಲ್ಲಿಯೂ ಬೆಳೆಯದ ವಸ್ತುವಿಗೆ ಬೆಲೆ ಜಾಸ್ತಿ. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸನ ಶವ ಕೆಡದಂತೆ ಇಡುವಾಗ ಅವನ ಮೂಗಿನೊಳಗೆ ಕರಿಮೆಣಸಿನ ಕಾಳು ತುಂಬಿದ್ದರು. ಇಷ್ಟು ದೂರ ಅದು ಯಾರ ಯಾರ ಕೈ ದಾಟಿ ಹೋಯಿತೋ! ಕೆಂಪು ಸಮುದ್ರದ ದಂಡೆಯ ಬೆರೆನಿಕೆ ಎಂಬ ಹಳೆಯ ಬಂದರಿನಲ್ಲಿ 1999ರಲ್ಲಿ ಅಗೆದಾಗ, ದೇವಾಲಯವೊಂದರ ನೆಲದಲ್ಲಿ ಹುಗಿದ ಭಾರತದ ಮಣ್ಣಿನ ಹಂಡೆಯಲ್ಲಿ ಏಳೂವರೆ ಕಿಲೋ ಕರಿಮೆಣಸು ಸಿಕ್ಕಿತು. ಒಂದನೆಯ ಶತಮಾನದ ರೋಮಿನ ಪಂಡಿತ ಪ್ಲಿನಿಗೆ ಈ ಮೆಣಸಿನ ಹುಚ್ಚು ಅರ್ಥವೇ ಆಗಲಿಲ್ಲ. ರುಚಿ ಇಲ್ಲ, ಚಂದ ಇಲ್ಲ, ಬರೇ ಖಾರಕ್ಕಾಗಿ ಭಾರತದವರೆಗೆ ಹೋಗುವುದೇ ಎಂದು ಅವನ ಗೊಣಗಾಟ. ಗೊಣಗುತ್ತಲೇ ಬೆಲೆಯನ್ನೂ ಬರೆದಿಟ್ಟ: ಕರಿಮೆಣಸು ರಾತಲಿಗೆ 4 ದಿನಾರಿ, ಬಿಳಿಮೆಣಸು 7, ಹಿಪ್ಪಲಿ 15. ಕ್ರಿ.ಶ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಅಲಾರಿಕ್, ಬಿಟ್ಟುಹೋಗಲು ಕೇಳಿದ ಕಪ್ಪದಲ್ಲಿ ಚಿನ್ನ ಬೆಳ್ಳಿಯ ಜೊತೆ 3,000 ರಾತಲು ಮೆಣಸೂ ಇತ್ತು.

1498ರಲ್ಲಿ ಗಾಮ ಕಲ್ಲಿಕೋಟೆಗೆ ಬಂದ. 1505ರಲ್ಲಿ ಕಣ್ಣೂರಿನಲ್ಲಿ ಕೋಟೆ ಎದ್ದಿತು, 1510ರಲ್ಲಿ ಗೋವಾ ಹೋಯಿತು, 1568-69ರ ಹೊತ್ತಿಗೆ ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿಯೂ ಪೋರ್ಚುಗೀಸರ ಕೋಟೆ. ಗೇರುಸೊಪ್ಪೆಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದು 'ರೈನಾ ದ ಪಿಮೆಂಟಾ', ಮೆಣಸಿನ ರಾಣಿ, ಎಂದು. ಅವಳ ಪಟ್ಟಕ್ಕಿಂತ ಅವಳ ಗುಡ್ಡದ ಬಳ್ಳಿಗಳೇ ಅವರಿಗೆ ಕಂಡದ್ದು. (ನಮ್ಮ ಕುಂಬಳೆಯ ಪಾಲಿಗೆ ಈ ಪಟ್ಟಿಯಲ್ಲಿ ದೊಡ್ಡ ಜಾಗ ಇಲ್ಲ. 1515ರ ಸುಮಾರಿಗೆ ಬರೆದ ಬಾರ್ಬೋಸ ಕುಂಬಳೆಯಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗಿ ಬದಲಿಗೆ ತೆಂಗಿನ ನಾರು ಬರುತ್ತಿತ್ತು ಎನ್ನುತ್ತಾನೆ. ಕುಚ್ಚಿಲಕ್ಕಿಯವರಿಗೆ ಅದೂ ಸಮಾಧಾನವೇ.) ಮುಂದೆ ಟಿಪ್ಪು ಕರಿಮೆಣಸು, ಏಲಕ್ಕಿ, ಶ್ರೀಗಂಧದ ವ್ಯಾಪಾರವನ್ನು ಸರಕಾರದ ಕೈಗೇ ತೆಗೆದುಕೊಂಡ. ತಲಚ್ಚೇರಿಯ ಇಂಗ್ಲಿಷ್ ಕಂಪೆನಿಯವರು ಅಲ್ಲಿ ಕೋಟೆ ಕಟ್ಟಿ ಕುಳಿತದ್ದೂ ಇದೇ ಕಾಳಿಗಾಗಿ. ಕರಿಮೆಣಸಿನ ಬಳ್ಳಿ ಓಡಿಹೋಗುವುದಿಲ್ಲ, ನೆಟ್ಟಲ್ಲೇ ಇಪ್ಪತ್ತು ಮೂವತ್ತು ವರ್ಷ ಇರುತ್ತದೆ. ಎಲ್ಲಿ, ಯಾರಲ್ಲಿ ಎಷ್ಟುಂಟು ಎಂದು ಎಣಿಸಬಹುದು, ಅದಕ್ಕೆ ಕಂದಾಯ ಹಾಕಬಹುದು, ಕಾವಲು ಇಡಬಹುದು.

ಮೆಣಸಿನಕಾಯಿಗಾಗಿ ಯಾರೂ ನಮ್ಮ ಕಡಲತೀರದಲ್ಲಿ ಕೋಟೆ ಕಟ್ಟಲಿಲ್ಲ.

ಅದು ಬಂದದ್ದೇ ಒಂದು ತಪ್ಪಿನಿಂದ. ಕೊಲಂಬಸ್ 1492ರಲ್ಲಿ ಹೊರಟದ್ದು ನಮ್ಮ ಕಡೆಗೆ, ತಲಪಿದ್ದು ಅಮೆರಿಕದ ದ್ವೀಪಗಳಿಗೆ. ಅಲ್ಲಿಯ ಜನ ತಿನ್ನುತ್ತಿದ್ದ 'ಅಹಿ' ಎಂಬ ಖಾರದ ಕಾಯಿ ಅವನ ಕಣ್ಣಿಗೆ ಬಿತ್ತು. ಇದು ಅವರ ಮೆಣಸು, ನಮ್ಮ ಮೆಣಸಿಗಿಂತ ಮೇಲು ಎಂಬ ಅರ್ಥದ ಮಾತನ್ನು 1493ರ ಜನವರಿಯಲ್ಲಿ ಅವನು ತನ್ನ ದಿನಚರಿಯಲ್ಲಿ ಬರೆದ. ಮೆಣಸು ಹುಡುಕಿ ಹೊರಟವನಿಗೆ ಮೆಣಸು ಸಿಗಲೇಬೇಕಲ್ಲ! ಮೆಕ್ಸಿಕೊ ಕಡೆಯ ಜನ ಸಾವಿರಾರು ವರ್ಷ ಸಾಕಿ ಬೆಳೆಸಿದ ಒಂದು ಗಿಡ ಹೀಗೆ ಇನ್ನೊಬ್ಬರ ಹೆಸರಿನಲ್ಲಿ ಲೋಕ ಸುತ್ತಲು ಹೊರಟಿತು.

ಆಮೇಲೆ ಅದು ಓಡಿದ ಓಟಕ್ಕೆ ದಾಖಲೆ ಇಡುವವರೇ ಇಲ್ಲ. ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂತು ಎನ್ನುವುದಷ್ಟು ಗಟ್ಟಿ. ಇಂಥ ದಿನ, ಇಂಥ ಬಂದರು ಎಂದು ಹೇಳುವ ಕಾಗದ ಇಲ್ಲ. ಹೇಗಿದ್ದೀತು? ನಾವಿಕನ ಜೇಬಿನಲ್ಲಿ ಬಂದ ನಾಲ್ಕು ಬೀಜಕ್ಕೆ ಯಾರು ರಶೀದಿ ಬರೆದಾರು? ಕರಿಮೆಣಸು ಲೆಕ್ಕಪುಸ್ತಕದಲ್ಲಿ ಉಳಿಯಿತು, ಮೆಣಸಿನಕಾಯಿ ಹಿತ್ತಿಲಲ್ಲಿ ಉಳಿಯಿತು.

ಈ ಓಟ ಎಷ್ಟು ಜೋರಿತ್ತೆಂದರೆ ಯುರೋಪಿನ ವಿದ್ವಾಂಸರೇ ದಿಕ್ಕು ತಪ್ಪಿದರು. ಜರ್ಮನಿಯ ಹೆಸರಾಂತ ಸಸ್ಯ ಪಂಡಿತ ಲಿಯೊನ್‌ಹಾರ್ಟ್ ಫುಕ್ಸ್ 1543ರ ತನ್ನ ಜರ್ಮನ್ ಗ್ರಂಥದಲ್ಲಿ ಮೆಣಸಿನಕಾಯಿಯ ಅಂದವಾದ ಚಿತ್ರ ಹಾಕಿಸಿ, ಅದನ್ನು 'ಕಲ್ಲಿಕೋಟೆ ಮೆಣಸು' ಎಂದು ಕರೆದ. ಅದು ಭಾರತದ್ದೇ ಎಂದು ಅವನ ನಂಬಿಕೆ. 1776ರಲ್ಲಿ ಇನ್ನೊಬ್ಬ ಪಂಡಿತ ಜಾಕ್ವಿನ್, ಅಮೆರಿಕದ್ದೇ ಆದ ಒಂದು ಜಾತಿಯ ಮೆಣಸಿಗೆ 'ಕ್ಯಾಪ್ಸಿಕಮ್ ಚೈನೆನ್ಸ್', ಚೀನಾದ ಮೆಣಸು, ಎಂದು ಹೆಸರಿಟ್ಟ. ಆ ಹೆಸರು ಇಂದಿಗೂ ತಿದ್ದದೆ ಉಳಿದಿದೆ. ಇದನ್ನು ಓದುವಾಗ ನಮಗೆ ನಮ್ಮ ಕೆಂಪು ಶಾಯಿಯ ನೆನಪಾಯಿತು. ಮೆಣಸಿನಕಾಯಿ ಪೋರ್ಚುಗೀಸರು ಬರುವ ಮೊದಲೇ ಇಲ್ಲಿತ್ತು ಎಂದುಕೊಂಡ ಫುಕ್ಸನಿಗೆ ಲೋಕ ಗೌರವ ಕೊಟ್ಟಿದೆ, ಒಂದು ಹೂವಿನ ಗಿಡಕ್ಕೇ ಅವನ ಹೆಸರಿಟ್ಟಿದೆ. ಅದೇ ತಪ್ಪು ಮಾಡಿದ ನಮ್ಮ ಹುಡುಗಿಗೆ ನಾವು ಕೊಟ್ಟದ್ದು ಸೊನ್ನೆ.

ಮೆಣಸಿನಕಾಯಿ ಇಲ್ಲದ ಕಾಲದ ಅಡುಗೆ ಹೇಗಿತ್ತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇದಕ್ಕೆ ಕನ್ನಡದಲ್ಲಿಯೇ ಸಾಕ್ಷಿ ಉಂಟು. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ಭಾಗ ಉಂಟು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟದ ವರ್ಣನೆ ಉಂಟು. ಮೂರನೆಯ ಮಂಗರಸನ 'ಸೂಪಶಾಸ್ತ್ರ' ಹದಿನಾರನೆಯ ಶತಮಾನದ ಆರಂಭದ್ದು, ಪರಂಗಿಯವರು ಇನ್ನೂ ಕಾಲೂರುತ್ತಿದ್ದ ಸಮಯ. ಇವು ಯಾವುದರಲ್ಲಿಯೂ ಮೆಣಸಿನಕಾಯಿ ಇಲ್ಲ, ಇರಲು ಸಾಧ್ಯವೂ ಇಲ್ಲ. ಖಾರ ಬೇಕಾದರೆ ಕರಿಮೆಣಸು, ಹಿಪ್ಪಲಿ, ಶುಂಠಿ.

ಅಷ್ಟು ದೂರದ ಗ್ರಂಥಗಳಿಗೆ ಹೋಗುವುದೂ ಬೇಡ. ನಮ್ಮ ಊರಿನ ಕೆಲವು ಮನೆಗಳಲ್ಲಿ ಹಿರಿಯರ ತಿಥಿಯ ದಿನ ಮೆಣಸಿನಕಾಯಿ, ಟೊಮೆಟೊ, ಬಟಾಟೆ ಒಲೆಯ ಹತ್ತಿರ ಬರುವುದಿಲ್ಲ. ಸಾರಿಗೂ ಪಲ್ಯಕ್ಕೂ ಒಳ್ಳೆಮೆಣಸೇ. ಆ ದಿನ ಬಾಳೆ ಎಲೆಯ ಮೇಲೆ ಬೀಳುವುದು ಐನೂರು ವರ್ಷ ಹಿಂದಿನ ರುಚಿ ಎಂದು ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಬಾಣಂತಿಯ ಪಥ್ಯಕ್ಕೂ ಶೀತ ಕೆಮ್ಮಿನ ಕಷಾಯಕ್ಕೂ ಅದೇ ಹಳೆಯ ಮೆಣಸು ಬೇಕು. ಹೆಸರು ಕಳಕೊಂಡರೂ ಮನೆಯೊಳಗೆ ಅದರ ಸ್ಥಾನ ಪೂರ್ತಿ ಹೋಗಲಿಲ್ಲ. ಆದರೆ ದಿನದ ಗಂಜಿಯ ಬದಿಗೆ ಬಂದು ಕುಳಿತದ್ದು ಹೊಸ ಮೆಣಸು. ಅಗ್ಗದ ಖಾರ ಅದು. ಮಾರಾಟದ ಕರಿಮೆಣಸನ್ನು ತಮ್ಮ ಸಾರಿಗೆ ಧಾರಾಳವಾಗಿ ಹಾಕಲಾಗದವರೂ ಹಿತ್ತಿಲ ಮೆಣಸನ್ನು ಉಪ್ಪಿನೊಡನೆ ಜಜ್ಜಿಕೊಂಡು ಗಂಜಿ ಉಂಡರು. ಹಸಿಮೆಣಸಿನಲ್ಲಿ ಸಿ ಜೀವಸತ್ವ ಧಾರಾಳ ಉಂಟು. 1937ರಲ್ಲಿ ನೊಬೆಲ್ ಪಡೆದ ಹಂಗೇರಿಯ ಸೆಂಟ್-ಗ್ಯೋರ್ಗಿ ಆ ಜೀವಸತ್ವವನ್ನು ರಾಶಿಗಟ್ಟಲೆ ತೆಗೆದದ್ದು ತನ್ನೂರಿನ ಮೆಣಸಿನಿಂದಲೇ. ಕರಿಮೆಣಸಿನ ಕಾಳಿನಿಂದ ಆ ಉಪಕಾರ ಇಲ್ಲ.

ಖಾರದಲ್ಲಿಯೂ ಎರಡು ಬಗೆ. ಕರಿಮೆಣಸಿನದು ಪೈಪರಿನ್. ಅದನ್ನು 1819ರಲ್ಲಿ ಬೇರ್ಪಡಿಸಿದವರು ಅಯರ್ಸ್ಟೆಡ್, ಮುಂದಿನ ವರ್ಷವೇ ವಿದ್ಯುತ್ತು ಕಾಂತದ ಮುಳ್ಳನ್ನು ತಿರುಗಿಸುತ್ತದೆಂದು ತೋರಿಸಿ ನಮ್ಮ ವಿಜ್ಞಾನ ಪಾಠದಲ್ಲಿ ಬಂದು ಕುಳಿತವರು! ಮೆಣಸಿನಕಾಯಿಯದು ಕ್ಯಾಪ್ಸೈಸಿನ್. ನಾಲಗೆ ಉರಿಯುವುದು ರುಚಿಯಿಂದಲ್ಲ, ಬಿಸಿಯನ್ನು ಅರಿಯುವ ನರದ ತುದಿಯನ್ನೇ ಅದು ಕೆಣಕುವುದರಿಂದ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು.

ಎರಡು ಮೆಣಸುಗಳನ್ನು ಹೆಸರಲ್ಲದೆ ಇನ್ನೊಂದು ಸಂಗತಿಯೂ ಕಟ್ಟಿಹಾಕಿದೆ, ಅದು ದುಃಖದ್ದು. ತೋಟ ಇದ್ದವರಿಗೆಲ್ಲ ಸೊರಗು ರೋಗ ಗೊತ್ತು. ಆಟಿಯ ಮಳೆಯಲ್ಲಿ ಎಲೆಗೆ ಕಪ್ಪು ಚುಕ್ಕೆ ಬಂದು, ಬುಡ ಕೊಳೆತು, ಎರಡು ಮೂರು ವಾರದೊಳಗೆ ಹತ್ತು ವರ್ಷದ ಬಳ್ಳಿ ಗಣ್ಣು ಗಣ್ಣಾಗಿ ಕಳಚಿ ಬೀಳುತ್ತದೆ. ಒಂದು ಬಳ್ಳಿಗೆ ಬಂದರೆ ನೀರು ಹರಿದ ದಾರಿಯಲ್ಲೆಲ್ಲ ಸಾಲಾಗಿ. ಇದರ ಹಿಂದಿರುವ ಶಿಲೀಂಧ್ರದಂಥ ಜೀವಿಯ ಹೆಸರು ಫೈಟಾಫ್ತೊರಾ ಕ್ಯಾಪ್ಸಿಸಿ. ಕ್ಯಾಪ್ಸಿಸಿ ಎಂದರೆ ಮೆಣಸಿನಕಾಯಿಯದ್ದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಮೆಣಸಿನಕಾಯಿ ಗಿಡದ ಮೇಲೆ ಅದನ್ನು ಕಂಡು 1922ರಲ್ಲಿ ಆ ಹೆಸರಿಟ್ಟರು. ಹೆಸರು ತೆಗೆದುಕೊಂಡ ಗಿಡದ ಹೆಸರಿನ ರೋಗವೇ ಹೆಸರು ಕೊಟ್ಟ ಬಳ್ಳಿಯನ್ನು ಕೊಲ್ಲುವುದೆಂದರೆ ವಿಧಿಯೆನ್ನಬೇಕೋ ಏನೋ. ಮಳೆಗೆ ಮೊದಲು ಅಡಿಕೆಗೆ ಮದ್ದು ಬಿಡುವಾಗ ಬಳ್ಳಿಗೂ ಬೋರ್ಡೋ ದ್ರಾವಣ (100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ) ಬಿಟ್ಟು, ಬುಡದ ನೀರಿಗೆ ಕಣಿ ತೆಗೆದುಕೊಟ್ಟವರ ಬಳ್ಳಿ ಅಷ್ಟಿಷ್ಟು ಉಳಿಯುತ್ತದೆ.

ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಪನ್ನಿಯೂರಿನಲ್ಲಿ 1952ರಿಂದ ಮೆಣಸಿನ ಸಂಶೋಧನಾ ಕೇಂದ್ರ ಉಂಟು. ಕರಿಮೆಣಸಿನ ಮೊದಲ ಸಂಕರ ತಳಿ ಪನ್ನಿಯೂರು-1 ಅಲ್ಲಿಂದಲೇ ಬಂದದ್ದು. ತೆನೆ ಉದ್ದ, ಕಾಳು ದಪ್ಪ, ಆದರೆ ದಟ್ಟ ನೆರಳಿನಲ್ಲಿ ಅದಕ್ಕೆ ಮನಸ್ಸಿಲ್ಲ. ಅಡಿಕೆ ತೋಟದ ನೆರಳಿಗೆ ಹಳೆಯ ಕರಿಮುಂಡವೇ ಹೊಂದುತ್ತದೆ ಎಂದು ಅನುಭವಸ್ಥರ ಮಾತು.

ಇನ್ನು ಹತ್ತು ಸೆಂಟ್ಸಿನ ವಿಷಯ. 1956ರ ನವಂಬರ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ್ದನ್ನು ನಾವು ಶಾಲೆಯಲ್ಲಿ ಭಾಷೆಯ ಮಾತಾಗಿಯೇ ಹೇಳುತ್ತೇವೆ. ಆದರೆ ಭೂಮಿಯ ಕಾನೂನೂ ಅಂದಿನಿಂದ ಬೇರೆಯಾಯಿತು. ಕೇರಳದ ಭೂ ಸುಧಾರಣೆಯ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದಾಗ ಗೇಣಿದಾರನಿಗೆ ಭೂಮಿ ಸಿಕ್ಕಿತು. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿ ಕೂಲಿ ಮಾಡಿಕೊಂಡಿದ್ದ 'ಕುಡಿಕಿಡಪ್ಪು'ಕಾರನಿಗೆ ಗುಡಿಸಲ ಸುತ್ತಿನ ಜಾಗವನ್ನು ಕೊಂಡುಕೊಳ್ಳುವ ಹಕ್ಕು ಸಿಕ್ಕಿತು: ಪಂಚಾಯತಿನಲ್ಲಿ 10 ಸೆಂಟ್ಸ್, ಮುನಿಸಿಪಾಲಿಟಿಯಲ್ಲಿ 5. ದೊಡ್ಡ ಸಂಗತಿ ಅದು, ಅಲ್ಲಗಳೆಯುವುದಿಲ್ಲ. "ಇನ್ನು ಹೊರಡು" ಎಂದು ಯಾರೂ ಹೇಳಲಾಗದ ಜಾಗ. ಆದರೆ ಹತ್ತು ಸೆಂಟ್ಸಿನಲ್ಲಿ ಮನೆ, ಬಾವಿ, ಹಟ್ಟಿ ಆದ ಮೇಲೆ ಕರಿಮೆಣಸಿಗೆ ಬೇಕಾದ ಮರ, ನೆರಳು, ಏಳು ವರ್ಷ ಎಲ್ಲಿಂದ ಬರಬೇಕು? ಮೆಣಸಿನಕಾಯಿಗೆ ಬೇಕಾದ ಬಿಸಿಲು ಮಾತ್ರ ಅಲ್ಲಿ ಬೇಕಾದಷ್ಟು. ನಮ್ಮ ಹುಡುಗಿಯ ಅಜ್ಜ ಪರರ ತೋಟದಲ್ಲಿ ಒಂಟಿ ಬಿದಿರಿನ ಏಣಿ ಇಟ್ಟು ಹತ್ತಿ ಮೆಣಸು ಕೊಯ್ಯುತ್ತಿದ್ದವರಂತೆ, ಜನವರಿಯ ಬಿಸಿಲಿನಲ್ಲಿ ಕಾಲಿನಿಂದ ಮೆಟ್ಟಿ ಕಾಳು ಬಿಡಿಸುತ್ತಿದ್ದವರಂತೆ. ಅವರಿಗೆ ಬಳ್ಳಿಯ ಜಾತಿ ಜಾತಿಯ ಹೆಸರು ಬಾಯಲ್ಲಿತ್ತು. ಮೊಮ್ಮಗಳಿಗೆ ಅದು ಒಣಗಿ ಕಪ್ಪಾದ ಮೆಣಸಿನಕಾಯಿ.

ಶಾಲೆಯ ಹಿತ್ತಿಲು ಸಹ ದೊಡ್ಡದೇನಲ್ಲ. ಆದರೆ ಚಟ್ಟಿಯಲ್ಲಿ ಬೆಳೆಸುವ ಪೊದೆಮೆಣಸು ಎಂದೊಂದುಂಟು. ನೆಲದ ಹಂಬಿನ ಬದಲು, ಕಾಯಿ ಬಿಡುವ ಅಡ್ಡ ಗೆಲ್ಲನ್ನು ಕತ್ತರಿಸಿ ಬೇರು ಬರಿಸಿದರೆ ಆ ಗಿಡ ಮರ ಹತ್ತುವ ಆಸೆಯನ್ನೇ ಮರೆತು ಪೊದೆಯಾಗಿ ಕುಳಿತುಕೊಳ್ಳುತ್ತದೆ. ಒಂದೆರಡು ವರ್ಷದಲ್ಲಿ ತೆನೆಯೂ ಬರುತ್ತದೆ. ಬೇರು ಬರುವುದು ಮಾತ್ರ ಕಷ್ಟ. ಪಕ್ಕದ ತೋಟದ ಹಿರಿಯರೊಬ್ಬರು ಹತ್ತು ಗೆಲ್ಲು ಕಡಿದು ಕೊಟ್ಟರು. ಏಳು ಕೊಳೆತವು, ಮೂರು ಬದುಕಿದವು. ಒಂದನ್ನು ಶಾಲೆಯ ಜಗಲಿಯ ಬಡಗು ಬದಿಯಲ್ಲಿಟ್ಟೆವು, ಒಂದನ್ನು ಆ ಹುಡುಗಿ ಮನೆಗೆ ಕೊಂಡುಹೋದಳು. ಮೂರನೆಯದು ಇನ್ನೂ ಯಾರಿಗೆಂದು ಜಗಳ ಮುಗಿದಿಲ್ಲ.

ಅವಳ ಉತ್ತರ ಪತ್ರಿಕೆಯನ್ನು ತಿರುಗಿ ತರಿಸಿ ಸೊನ್ನೆಯನ್ನು ಅರ್ಧ ಮಾಡಿದೆವು. "ಅರ್ಧ ಯಾಕೆ ಸರ್?" ಎಂದು ಕೇಳಿದಳು. ಕೊಂಡುಹೋಗಲು ಬಂದದ್ದೂ ಮೆಣಸೇ, ತಂದು ಬಿಟ್ಟುಹೋದದ್ದೂ ಮೆಣಸೇ, ನೀನು ಬರೆದದ್ದು ಎರಡನೆಯದ್ದು ಎಂದೆವು. ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಪ್ರಶ್ನೆಯಲ್ಲಿ ತಂದದ್ದು ಏನು ಅಂತ ಕೇಳ್ಬೇಕಿತ್ತು" ಎಂದು ಹೇಳಿ ಗಂಟೆ ಹೊಡೆದದ್ದಕ್ಕೆ ಓಡಿದಳು.